ಗೊಂಬೆ ಮೃಗಗಳನ್ನರಸುತ್ತ ಮೂರು ಪೇಟೆಗಳಲ್ಲಿ

ನಮ್ಮ ಮನೆ ಬಸವನಗುಡಿಯಲ್ಲಿ. ಮಗಳನ್ನು ಕೊಟ್ಟಿರುವುದು ಮಲ್ಲೇಶ್ವರಕ್ಕೆ. ದಸರೆಯ ರಜ ಬಂದೊಡನೆ ಮೊಮ್ಮಗಳನ್ನು ಕರೆದುಕೊಂಡು ಬರುವ ಕೆಲಸ ಪ್ರತಿವರ್ಷವೂ ನಮ್ಮ ಪಾಲಿನದು. ಕಳೆದ ನವರಾತ್ರಿಯಲ್ಲಿ ಆ ಕೆಲಸದ ಜೊತೆಗೆ ಇನ್ನೊಂದೂ ಸೇರಿಕೊಂಡಿತು. ಹತ್ತು ವರ್ಷದ ಆ ಹುಡುಗಿಗೆ ಗೊಂಬೆಯ ಮೆಟ್ಟಿಲ ಮೇಲಿಡಲು ತುಪ್ಪಳದ ಆನೆಯೊಂದು ಬೇಕಾಗಿದ್ದಿತು. ಸಾಧಾರಣವಾದ ಆನೆಯಲ್ಲ; ಕಿವಿಯಲ್ಲಿ ಚೀಟಿಯಿರುವ ಆನೆ. ಅದನ್ನು ಹುಡುಕಿಕೊಂಡು ಮಲ್ಲೇಶ್ವರದಿಂದ ಚಾಮರಾಜಪೇಟೆಯ ಮಾರ್ಗವಾಗಿ ಬಸವನಗುಡಿಯವರೆಗೆ ಒಂದು ಹಗಲೆಲ್ಲ ಅಲೆದ ವೃತ್ತಾಂತವನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇವೆ.

ಚೀಟಿಯ ವಿಷಯವನ್ನು ಮೊದಲು ಹೇಳಬೇಕು. ಈಗಿನ ಮಕ್ಕಳ ಕೈಯಲ್ಲಿರುವ ಮೆತ್ತನೆಯ ಗೊಂಬೆಗಳಲ್ಲಿ ಒಂದು ಜಾತಿ ಉಂಟು. ಹಿಮಕರಡಿ, ಪಾಂಡಾ, ಹಿಮಚಿರತೆ, ಕಡಲಾಮೆ ಮುಂತಾಗಿ ಲೋಕದಲ್ಲಿ ಸಂಖ್ಯೆ ಕ್ಷೀಣಿಸುತ್ತಿರುವ ಪ್ರಾಣಿಗಳ ಪ್ರತಿಕೃತಿಗಳು. ಒಂದನ್ನು ಕೊಂಡವರಿಗೆ ಸಾಲಿನ ಮತ್ತೊಂದೂ ಬೇಕೆನ್ನಿಸುವಂತೆ ಮಾಡಿದವು. ಈ ಗೊಂಬೆಯ ಬೆಲೆಯಲ್ಲಿ ಒಂದು ಭಾಗವು ಆ ಪ್ರಾಣಿಯ ರಕ್ಷಣೆಗೆ ಸಲ್ಲುವುದೆಂದು ಕಿವಿಗೋ ಕಾಲಿಗೋ ಹೊಲಿದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ನಮ್ಮ ಮೊಮ್ಮಗಳ ಬಳಿ ಇಂಥವು ಹನ್ನೊಂದು ಇವೆ. ಚೀಟಿಗಳನ್ನು ಕತ್ತರಿಸಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ನಾವು ಹೊರಡುವ ಮುನ್ನ ಆ ಡಬ್ಬಿಯನ್ನು ತೆರೆದು ಮುಂದಿಟ್ಟು, "ತಾತ, ಈ ಹನ್ನೊಂದರಿಂದ ಎಷ್ಟು ಪ್ರಾಣಿ ಬದುಕಿದವು?" ಎಂದು ಕೇಳಿದಳು.

ನಮಗೆ ಉತ್ತರ ಹೊಳೆಯಲಿಲ್ಲ. ದಾರಿಯಲ್ಲಿ ಹೇಳುವೆವೆಂದು ಆಗಿನ ಮಟ್ಟಿಗೆ ತಪ್ಪಿಸಿಕೊಂಡೆವು.

ಮಲ್ಲೇಶ್ವರವೂ ಬಸವನಗುಡಿಯೂ ೧೮೯೮ರ ಪ್ಲೇಗಿನ ತರುವಾಯ, ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದ ಜನರಿಗಾಗಿ ಬೆಳೆದ ಬಡಾವಣೆಗಳೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಗಾಳಿ ಬೆಳಕುಗಳ ಆಸೆಯಿಂದ ಹುಟ್ಟಿದ ಊರುಗಳಾದ್ದರಿಂದ ಇಲ್ಲಿ ಬೀದಿಗಳಿಗೂ ಮರಗಳಿಗೂ ನಂಟು ಹೆಚ್ಚು. ಸಂಪಿಗೆ ರಸ್ತೆಯ ಪಕ್ಕದಲ್ಲಿಯೇ ಮಾರ್ಗೋಸಾ ರಸ್ತೆ; ಮಾರ್ಗೋಸಾ ಎಂದರೆ ಬೇವಲ್ಲದೆ ಬೇರೆಯಲ್ಲ. ಬಡಾವಣೆಗಿಂತ ಬಹಳ ಹಿಂದಿನವನಾದ, ೧೭ನೆಯ ಶತಮಾನದಲ್ಲಿ ಶಿವಾಜಿಯ ಸೋದರ ಏಕೋಜಿಯ ಆಶ್ರಯ ಪಡೆದಿದ್ದನೆನ್ನುವ ಇಲ್ಲಿನ ಸ್ವಾಮಿಗೆ ಕಾಡು ಮಲ್ಲೇಶ್ವರನೆಂದೇ ಹೆಸರು. ಸುತ್ತಣ ಕಾಡು ಹೋಗಿ ಬಹುಕಾಲವಾಯಿತು. ಹೆಸರಿನಲ್ಲಿ ಮಾತ್ರ ಉಳಿದಿದೆ ಎಂದು ನಾವು ಬಹುದಿನ ತಿಳಿದಿದ್ದೆವು. ಈ ತಿಳಿವಳಿಕೆ ತಪ್ಪೆಂದು ತೋರಿಸಿಕೊಟ್ಟವರು ನಮ್ಮ ಅಳಿಯಂದಿರು.

ಮಲ್ಲೇಶ್ವರದ ಉತ್ತರಕ್ಕೆ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟೆಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಸ್ತಾರವಾದ ತೋಪು ಇದೆಯಷ್ಟೆ. ಅಲ್ಲಿನ ಮರಗಳಲ್ಲಿ ಕಾಡುಪಾಪಗಳು ವಾಸಿಸುತ್ತವೆ. ಮಂಗನ ದೂರದ ಬಳಗಕ್ಕೆ ಸೇರಿದ ಈ ಪ್ರಾಣಿಯ ಮೈ ಒಂದು ಗೇಣು, ತೂಕ ಮುನ್ನೂರು ಗ್ರಾಮಿಗಿಂತ ಕಡಿಮೆ, ಬಾಲವಿಲ್ಲ, ಕೈಕಾಲುಗಳು ಒಣಕಡ್ಡಿಯಂತೆ ಸಣ್ಣ, ಮುಖದ ಅರ್ಧಭಾಗವೆಲ್ಲ ದುಂಡನೆಯ ಕಣ್ಣುಗಳು. ಹಗಲೆಲ್ಲ ಎಲೆಗಳ ನಡುವೆ ಮುದುಡಿ ಮಲಗಿದ್ದು ರಾತ್ರಿ ಹುಳುಹುಪ್ಪಟೆಗಳನ್ನೂ ಮರದ ಅಂಟನ್ನೂ ತಿಂದು ಬದುಕುತ್ತದೆ. ೨೦೧೪ರಿಂದ ಈಚೆಗೆ ನಗರದ ಕೆಲವು ಉತ್ಸಾಹಿಗಳು ವಿಜ್ಞಾನಿಗಳೊಡನೆ ಸೇರಿ, ಅದರ ಕಣ್ಣಿಗೆ ನೋವಾಗದಂತೆ ದೀಪಕ್ಕೆ ಕೆಂಪು ಹಾಳೆ ಸುತ್ತಿಕೊಂಡು, ರಾತ್ರಿಯ ಹೊತ್ತು ಮರಮರವನ್ನೂ ನೋಡಿ ಲೆಕ್ಕ ಹಾಕುತ್ತಿರುವರು. ನಮ್ಮ ಅಳಿಯಂದಿರೂ ಅವರೊಡನೆ ಎರಡು ಮೂರು ಸಲ ಹೋಗಿದ್ದರು. "ದೀಪ ಬಿಟ್ಟರೆ ಎರಡು ಕೆಂಡ ಹೊಳೆದ ಹಾಗೆ ಕಾಣತ್ತೆ ಮಾವ, ಅಲ್ಲಾಡೋದೇ ಇಲ್ಲ" ಎಂದು ಅವರು ವರ್ಣಿಸಿದರು.

ಈ ಪ್ರಾಣಿಗೆ ಒಂದು ಕಷ್ಟವಿದೆ. ಅದು ನೆಗೆಯಲಾರದು. ಒಂದು ಮರದ ಕೊಂಬೆ ಇನ್ನೊಂದರ ಕೊಂಬೆಯನ್ನು ಮುಟ್ಟುತ್ತಿದ್ದರೆ ಮಾತ್ರ ಹಿಡಿಹಿಡಿದು ದಾಟಬಲ್ಲದು. ರಸ್ತೆಯ ಅಗಲಕ್ಕಾಗಿ ನಡುವೆ ನಾಲ್ಕು ಮರ ಕಡಿದರೆ ಅದಕ್ಕೆ ಲೋಕವೇ ಎರಡು ತುಂಡು. ಇದಲ್ಲದೆ ಮಾಟಮಂತ್ರದ ಮೂಢನಂಬಿಕೆಗೆ ಬಲಿಯಾಗಿ ಕಣ್ಣು ಕೀಳಿಸಿಕೊಂಡವೂ, ಚೆಲುವಾಗಿದೆಯೆಂಬ ಕಾರಣಕ್ಕೆ ಸಾಕಲು ಹಿಡಿಯಲ್ಪಟ್ಟವೂ ಉಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಪಟ್ಟಿಯಲ್ಲಿ ಅದರ ಹೆಸರಿದೆ. ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಪಾಪವೆಂದರೆ ನಮ್ಮ ನುಡಿಯಲ್ಲಿ ಕೂಸು; ಅಯ್ಯೋ ಎನ್ನುವ ಕನಿಕರವೂ ಪಾಪವೇ; ನರಕಕ್ಕೆ ಒಯ್ಯುವುದೂ ಪಾಪವೇ. ಈ ಮೂಕಪ್ರಾಣಿಗೆ ಮೂರು ಅರ್ಥವೂ ಸಲ್ಲುವಂತಾಗಿದೆ.

ಇದನ್ನೆಲ್ಲ ಕೇಳಿದ ಮೊಮ್ಮಗಳು ತನ್ನ ಹನ್ನೊಂದು ಗೊಂಬೆಗಳ ಕಡೆಗೊಮ್ಮೆ ನೋಡಿದಳು. ಮಂಜಿನ ನಾಡಿನ ಕರಡಿಯಿತ್ತು, ಚೀಣದ ಪಾಂಡಾ ಇತ್ತು; ನಡೆದು ಹೋಗುವಷ್ಟು ದೂರದಲ್ಲಿರುವ ಕಾಡುಪಾಪವಿರಲಿಲ್ಲ. ಸಂಪಿಗೆ ರಸ್ತೆಯ ಮೂರು ಅಂಗಡಿಗಳಲ್ಲಿ ವಿಚಾರಿಸಿದೆವು. ಒಂದರಲ್ಲಿಯೂ ಇಲ್ಲ; ಚೀಟಿಯ ಆನೆಯೂ ಇಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆನೆಗಳೇನೋ ಬೇಕಾದಷ್ಟಿದ್ದವು. ಚೀಟಿಯಿಲ್ಲದ್ದು ಆಕೆಗೆ ಬೇಡ.

ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಮೆಟ್ರೋ ರೈಲನ್ನೇರಿ ಕೃಷ್ಣರಾಜ ಮಾರುಕಟ್ಟೆಯಲ್ಲಿಳಿದು ಚಾಮರಾಜಪೇಟೆಗೆ ನಡೆದೆವು. ಪ್ಲೇಗಿಗೂ ಮೊದಲು, ೧೮೯೨ರಲ್ಲಿ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಹುಟ್ಟಿದ ಪೇಟೆಯಿದು. ನಾವು ಹುಟ್ಟಿ ಬೆಳೆದದ್ದು ಇಲ್ಲಿಯೇ. ಸಾಹಿತ್ಯ ಪರಿಷತ್ತಿನ ಕಟ್ಟಡವನ್ನೂ, ಶ್ರೀಮತಿ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಸ್ಥಾಪಿಸಿದ ಮಕ್ಕಳ ಕೂಟವನ್ನೂ ಮೊಮ್ಮಗಳಿಗೆ ತೋರಿಸುತ್ತ ಹೋಗುವಾಗ, ನಾವು ವಾಸವಾಗಿದ್ದ ಅಡ್ಡರಸ್ತೆಯ ತಿರುವಿನಲ್ಲಿ ಕಾಲು ತಾನಾಗಿ ನಿಂತಿತು. ಮನೆ ಈಗಿಲ್ಲ, ಅಲ್ಲಿ ನಾಲ್ಕಂತಸ್ತಿನ ಮಳಿಗೆ ಎದ್ದಿದೆ. ನಿಂತದ್ದು ಮನೆಯ ನೆನಪಿಗಲ್ಲ, ಕರಡಿಯ ನೆನಪಿಗೆ.

ನಮ್ಮ ಬಾಲ್ಯದಲ್ಲಿ, ೧೯೬೦ರ ಆಚೀಚೆ, ಈ ಬೀದಿಗೆ ಕರಡಿ ಕುಣಿಸುವವನು ಬರುತ್ತಿದ್ದ. ಡಮರುಗದ ಸದ್ದು ಕೇಳಿದೊಡನೆ ಮನೆಮನೆಯ ಮಕ್ಕಳೂ ಜಗಲಿಗೆ ಓಡುವುದು. ಹೆದರಿಕೆ ಹೋಗಲೆಂದು ಎಳೆಯ ಮಕ್ಕಳನ್ನು ಕರಡಿಯ ಬೆನ್ನಮೇಲೆ ಕೂರಿಸುವುದು, ಅದರ ಕೂದಲನ್ನು ತಾಯಿತದಲ್ಲಿ ಹಾಕಿ ಕಟ್ಟುವುದು ಆಗಿನ ಪದ್ಧತಿ. ನಮ್ಮನ್ನೂ ಕೂರಿಸಿದ್ದರು. ಕೈಗೆ ತಗಲಿದ ಆ ಒರಟು ತುಪ್ಪಳ, ಹಸಿಚರ್ಮದ ವಾಸನೆ, ಎಲ್ಲ ಇಂದಿಗೂ ನೆನಪಿದೆ. ನಮಗೆ ಆ ಪ್ರಾಣಿಯಲ್ಲಿ ಪ್ರೀತಿಯೇ ಇದ್ದಿತು. ಮನೆಯಿಂದ ಬೆಲ್ಲ ಕದ್ದು ತಂದು ಕೊಟ್ಟದ್ದುಂಟು. ಆ ಹಗ್ಗವನ್ನು ಪೋಣಿಸಲು ಮರಿಯಾಗಿದ್ದಾಗಲೇ ಕಾಯಿಸಿದ ಕಬ್ಬಿಣದಿಂದ ಮೂತಿಯನ್ನು ತೂತು ಮಾಡುತ್ತಾರೆಂದಾಗಲಿ, ಹಲ್ಲುಗಳನ್ನು ಮುರಿದಿರುತ್ತಾರೆಂದಾಗಲಿ, ಮರಿಯನ್ನು ಹಿಡಿಯಲು ಎಷ್ಟೋ ವೇಳೆ ತಾಯಿಯನ್ನು ಕೊಂದಿರುತ್ತಾರೆಂದಾಗಲಿ ನಮಗೆ ಯಾರೂ ಹೇಳಲಿಲ್ಲ. ಹೇಳಬೇಕಾದ ಹಿರಿಯರಿಗೂ ತಿಳಿದಿರಲಿಲ್ಲವೋ ಏನೋ.

೧೯೭೨ರ ಶಾಸನದಿಂದ ಈ ಆಟಕ್ಕೆ ನಿಷೇಧ ಬಂದರೂ ಬಹುಕಾಲ ನಿಲ್ಲಲಿಲ್ಲ. ಕಲಂದರ್ ಜನಾಂಗಕ್ಕೆ ಅದೇ ಹೊಟ್ಟೆಯ ದಾರಿಯಾಗಿತ್ತು. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆಯವರು ಕರಡಿಯನ್ನು ಒಪ್ಪಿಸಿದ ಕುಟುಂಬಕ್ಕೆ ಬೇರೆ ಕಸುಬು ಹಿಡಿಯಲು ಹಣವನ್ನೂ ತರಬೇತಿಯನ್ನೂ ಕೊಟ್ಟು, ಒಂದೊಂದಾಗಿ ಬಿಡಿಸುತ್ತ ಬಂದರು. ೨೦೦೯ರಲ್ಲಿ ಕೊನೆಯದೆಂದು ಎಣಿಸಿದ ಕರಡಿಯನ್ನು ನಮ್ಮ ಬನ್ನೇರುಘಟ್ಟದ ಕರಡಿಗಳ ಆಶ್ರಯಧಾಮಕ್ಕೇ ತಂದರು. ಬಳ್ಳಾರಿಯ ಸೀಮೆಯ ದರೋಜಿಯಲ್ಲಿ ಕರಡಿಗಳಿಗೆಂದೇ ೧೯೯೪ರಲ್ಲಿ ಅಭಯಾರಣ್ಯವಾಗಿದೆ.

ಮೊಮ್ಮಗಳು ಎಲ್ಲವನ್ನೂ ಕೇಳಿ, "ಆಗ ನಿಮಗೆ ಟೆಡ್ಡಿ ಇದ್ದಿದ್ರೆ ನಿಜವಾದ ಕರಡಿ ಬೇಕಾಗ್ತಿರಲಿಲ್ಲ ಅಲ್ವಾ ತಾತ?" ಎಂದಳು. ಇದ್ದರೂ ಇರಬಹುದು. ಆದರೆ ಟೆಡ್ಡಿಯ ಚರಿತ್ರೆಯನ್ನು ಓದಿದವರಿಗೆ ಹಾಗೆನ್ನಲು ನಾಲಗೆ ತಡೆಯುತ್ತದೆ. ೧೯೦೨ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಮಿಸಿಸಿಪಿ ಸೀಮೆಗೆ ಬೇಟೆಗೆ ಹೋಗಿದ್ದಾಗ, ಜೊತೆಯವರು ಕರಡಿಯೊಂದನ್ನು ಮರಕ್ಕೆ ಕಟ್ಟಿಹಾಕಿ ಹೊಡೆಯಿರೆಂದರು. ಕಟ್ಟಿದ ಪ್ರಾಣಿಯನ್ನು ಹೊಡೆಯುವುದು ಬೇಟೆಗಾರನಿಗೆ ತಕ್ಕುದಲ್ಲವೆಂದು ಅವರು ಒಲ್ಲೆನೆಂದರು. ಬೆರಿಮನ್ ಎಂಬ ಚಿತ್ರಕಾರ ಅದನ್ನು ಪತ್ರಿಕೆಯಲ್ಲಿ ಚಿತ್ರಿಸಿದ. ಬ್ರೂಕ್ಲಿನ್ನಿನ ಮಿಕ್ಟಮ್ ಎಂಬ ಅಂಗಡಿಯವನು ಬಟ್ಟೆಯ ಕರಡಿಯನ್ನು ಮಾಡಿ ಅಧ್ಯಕ್ಷರ ಮುದ್ದಿನ ಹೆಸರಿಟ್ಟು ಮಾರಿದ. ಮಕ್ಕಳಿಗೆ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಗಾಯಗೊಂಡಿದ್ದ ಆ ಕರಡಿಯನ್ನು ನೋವಿನಿಂದ ಬಿಡಿಸಲೆಂದು ಅಧ್ಯಕ್ಷರ ಅಪ್ಪಣೆಯಂತೆಯೇ ಚೂರಿಯಿಂದ ಕೊಂದರೆಂಬುದನ್ನು ಯಾರೂ ಹೇಳುವುದಿಲ್ಲ. ಅದು ಲೂಯಿಸಿಯಾನಾ ಕಪ್ಪುಕರಡಿಯ ಜಾತಿಯದು. ಬಟ್ಟೆಯ ಕರಡಿಗಳು ಲೋಕವನ್ನೆಲ್ಲ ತುಂಬಿದ ಆ ತೊಂಬತ್ತು ವರ್ಷಗಳಲ್ಲಿ ಕಾಡಿನ ಆ ಕರಡಿ ಕಡಿಮೆಯಾಗುತ್ತಲೇ ಹೋಗಿ, ೧೯೯೨ರಲ್ಲಿ ಸರಕಾರದವರು ಅದನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ೨೦೧೬ರಲ್ಲಿ ಪಟ್ಟಿಯಿಂದ ಹೊರಗೆ ಬಂದದ್ದು ಕಡಿದ ಕಾಡನ್ನು ಮತ್ತೆ ಬೆಳೆಸಿದ್ದರಿಂದ. ಮುದ್ದಿಸಿದವರು ಕೋಟ್ಯಂತರ, ಮುದ್ದು ಕಾಡಿನವರೆಗೆ ತಲುಪಲಿಲ್ಲ.

ಅಂದಮಾತ್ರಕ್ಕೆ ಚೀಟಿಯೆಲ್ಲ ಸುಳ್ಳೆಂದು ಹೇಳುವುದು ಅನ್ಯಾಯವಾದೀತು. ೧೯೬೧ರಲ್ಲಿ ಸ್ಥಾಪಿತವಾದ, ಪಾಂಡಾವನ್ನೇ ಲಾಂಛನವಾಗಿ ಉಳ್ಳ ವಿಶ್ವ ವನ್ಯಜೀವಿ ನಿಧಿಯವರು ಪ್ರಾಣಿಯೊಂದನ್ನು ಸಾಂಕೇತಿಕವಾಗಿ ದತ್ತು ಕೊಳ್ಳುವವರಿಗೆ ಅದರ ತುಪ್ಪಳದ ಗೊಂಬೆಯನ್ನು ಕಳುಹಿಸುವ ಪದ್ಧತಿಯಿಟ್ಟಿದ್ದಾರೆ. ಅಲ್ಲಿ ದಾನ ಮುಖ್ಯ, ಗೊಂಬೆ ಅದರ ನೆನಪಿನ ಕಾಣಿಕೆ. ಪಾಂಡಾಗಳ ಸ್ಥಿತಿ ಸುಧಾರಿಸಿತೆಂದು ೨೦೧೬ರಲ್ಲಿ ಜಾಗತಿಕ ಪಟ್ಟಿಯಲ್ಲಿ ಅವನ್ನು ಒಂದು ಮೆಟ್ಟಿಲು ಕೆಳಗಿನ ಅಪಾಯಕ್ಕೆ ಇಳಿಸಿದರು. ಚೀಣದವರು ಬಿದಿರುಮೆಳೆಗಳ ಕಾಡನ್ನು ಕಾದುಕೊಂಡದ್ದು ಅದಕ್ಕೆ ದೊಡ್ಡ ಕಾರಣ. ಹಣ ಯಾರ ಕೈಗೆ, ಎಷ್ಟು, ಯಾವ ಕಾಡಿಗೆ ಎಂಬುದನ್ನು ಹೇಳಬಲ್ಲವರ ಚೀಟಿಗೆ ಬೆಲೆಯುಂಟು. ಹೇಳಲಾರದವರದು ಬರಿಯ ಅಲಂಕಾರ.

ಮಧ್ಯಾಹ್ನದ ಹೊತ್ತಿಗೆ ಗಾಂಧಿಬಜಾರನ್ನು ಸೇರಿದೆವು. ನವರಾತ್ರಿಯ ಗಾಂಧಿಬಜಾರನ್ನು ವರ್ಣಿಸುವುದು ಅನಾವಶ್ಯಕ. ಸೇವಂತಿಗೆಯ ರಾಶಿಯ ನಡುವೆ ನಡೆಯಲು ದಾರಿಯಿದ್ದರೆ ಅದೇ ಪುಣ್ಯ. ಅಂಗಡಿಯೊಂದರಲ್ಲಿ ಮೊಮ್ಮಗಳ ಆನೆ ಸಿಕ್ಕಿತು. ಬೂದುಬಣ್ಣ, ರೇಷ್ಮೆಯಂಥ ಕಿವಿ, ಕಿವಿಯಲ್ಲಿ ಚೀಟಿ. ಬೆಲೆ ಸಾವಿರದ ಇನ್ನೂರು ರೂಪಾಯಿ. ಚೀಟಿಯಲ್ಲಿ "ಒಂದು ಭಾಗ" ಎಂದಿತ್ತೇ ವಿನಾ ಎಷ್ಟನೆಯ ಭಾಗವೆಂದಿರಲಿಲ್ಲ. ಯಾವ ಸಂಸ್ಥೆಗೆಂಬುದೂ ಇರಲಿಲ್ಲ. ಅಂಗಡಿಯವರನ್ನು ಕೇಳಿದೆವು. ಅವರು ಸತ್ಯವಂತರು. "ಸ್ವಾಮಿ, ಚೀಟೀನ ಮಾಡೋರೇ ಹೊಲಿದು ಕಳಿಸ್ತಾರೆ. ಅದರ ಲೆಕ್ಕ ನಮ್ಮವರೆಗೂ ಬರೋದಿಲ್ಲ" ಎಂದರು. ಮೊಮ್ಮಗಳು ಆನೆಯನ್ನು ಎರಡು ಸಲ ತಡವಿ ಇದ್ದ ಜಾಗದಲ್ಲಿಯೇ ಇಟ್ಟಳು. ನಾವು ಬೇಡವೆಂದಿರಲಿಲ್ಲ, ಚೀಲದಿಂದ ಹಣ ತೆಗೆದೂ ಇದ್ದೆವು. ಮುಖ ಸಣ್ಣಗಾಗಿದ್ದ ಆಕೆಯನ್ನು ನೋಡಿ, ಪರೀಕ್ಷೆಯನ್ನು ಮಕ್ಕಳ ಆಟಿಕೆಯ ಮೇಲೆ ಮಾಡಬೇಕಾಗಿತ್ತೇ ಎಂದು ನಮ್ಮ ಮೇಲೆ ನಮಗೇ ಬೇಸರವಾಯಿತು.

ಸಮಾಧಾನಕ್ಕೆಂದು ಲಾಲ್‌ಬಾಗಿಗೆ ಕರೆದೊಯ್ದೆವು. ಆಕೆಗೆ ಆನೆಯ ಹುಚ್ಚು ಹಿಡಿದದ್ದು ಅಲ್ಲಿಯೇ. ೨೦೨೪ರ ಫೆಬ್ರವರಿಯಲ್ಲಿ ಆ ತೋಟದ ಹುಲ್ಲಿನ ಮೇಲೆ ಆನೆಗಳ ಹಿಂಡೊಂದು ಬಂದು ನಿಂತಿದ್ದಿತು. ನಿಜವಾದ ಆನೆಗಳಷ್ಟೇ ಎತ್ತರ, ಅಷ್ಟೇ ಗಾಂಭೀರ್ಯ. ಹೆಣ್ಣಾನೆಗಳ ಮಗ್ಗುಲಲ್ಲಿ ಮರಿಗಳು. ಹತ್ತಿರ ಹೋಗಿ ನೋಡಿದರೆ ಮೈಯೆಲ್ಲ ಕಡ್ಡಿ. ಲಂಟಾನದ ಕಡ್ಡಿ.

ಲಂಟಾನವನ್ನು ಕಾಣದ ಕನ್ನಡಿಗರಿಲ್ಲ. ಬೇಲಿಯಲ್ಲಿ ಹಳದಿ, ಕೆಂಪು, ನಸುಗೆಂಪಿನ ಗೊಂಚಲು ಬಿಡುವ, ಮುಟ್ಟಿದರೆ ಗೀರುವ ಗಿಡ. ಅಮೆರಿಕದ ಉಷ್ಣವಲಯದಿಂದ ತೋಟದ ಅಲಂಕಾರಕ್ಕೆಂದು ೧೯ನೆಯ ಶತಮಾನದ ಮೊದಲಲ್ಲಿ ನಮ್ಮ ದೇಶಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಗಿಡ ಕಾಡು ಸೇರಿತು. ಇಂದು ದೇಶದಲ್ಲಿ ಹುಲಿಗಳಿರುವ ಕಾಡುಗಳ ಪೈಕಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಪ್ರದೇಶದಲ್ಲಿ ಅದು ಹಬ್ಬಿದೆಯೆಂದು ೨೦೨೦ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳಿತು. ಅದರ ಕೆಳಗೆ ಹುಲ್ಲು ಬೆಳೆಯದು. ಎಲೆ ವಿಷವಾದ್ದರಿಂದ ಮೃಗಗಳು ಮುಟ್ಟವು. ಮೇವಿಲ್ಲದ ಆನೆ ಊರಿನ ಕಬ್ಬು ಬಾಳೆಗಳ ಕಡೆಗೆ ತಿರುಗುವುದಕ್ಕೆ ಇದೂ ಒಂದು ಕಾರಣ. ಹಿಂದೆ ತಾವು ಬೇಸಗೆಯ ಮೊದಲಲ್ಲಿ ಸಣ್ಣಗೆ ತರಗು ಬೆಂಕಿ ಹಾಕುತ್ತಿದ್ದಾಗ ಈ ಗಿಡ ಇಷ್ಟು ಬೆಳೆದಿರಲಿಲ್ಲವೆಂದೂ, ಅದನ್ನು ನಿಲ್ಲಿಸಿದ ಮೇಲೆ ಕಾಡನ್ನೆಲ್ಲ ನುಂಗಿತೆಂದೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತಾರೆ. ಅವರ ಮಾತನ್ನು ಕೇಳುವ ಅಧಿಕಾರಿಗಳು ಬಹುಕಾಲ ಇರಲಿಲ್ಲ.

ಆ ಲಂಟಾನವನ್ನು ಕಡಿದು ತಂದು, ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಬಾಗುವಂತಾದ ಕಡ್ಡಿಗಳನ್ನು ಕಬ್ಬಿಣದ ಚೌಕಟ್ಟಿಗೆ ಸುತ್ತಿ ಈ ಆನೆಗಳನ್ನು ಮಾಡುತ್ತಾರೆ. ನೀಲಗಿರಿಯ ಗೂಡಲೂರಿನ ಕಡೆಯ ಬೆಟ್ಟಕುರುಬರು, ಪಣಿಯರು, ಕಾಟುನಾಯಕರು ಮತ್ತು ಸೋಲಿಗರು ಇದರ ಶಿಲ್ಪಿಗಳು. ಒಂದೊಂದು ಆನೆಯೂ ಅವರು ಕಾಡಿನಲ್ಲಿ ಕಂಡು ಗುರುತಿಟ್ಟ ಒಂದೊಂದು ಜೀವಂತ ಆನೆಯ ಪ್ರತಿರೂಪ. ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದಿಂದ ಕುರ್ಚಿ ಬುಟ್ಟಿಗಳನ್ನು ಹೆಣೆಯುವುದನ್ನು ಏಟ್ರೀ ಎಂದು ಹೆಸರಾದ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯವರು ಬಹಳ ಹಿಂದೆಯೇ ರೂಢಿಗೆ ತಂದಿದ್ದರು. ಇಂಥ ಆನೆಗಳು ೨೦೨೧ರಲ್ಲಿ ಲಂಡನ್ ನಗರದ ಉದ್ಯಾನಗಳಲ್ಲಿ ನಿಂತವು. ೨೦೨೪ರಲ್ಲಿ ನೂರು ಆನೆಗಳ ಹಿಂಡು ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಬೀದಿಯಲ್ಲಿ ನಿಂತಿತು. ಕೊಂಡವರ ಹಣ ವನ್ಯಜೀವಿಗಳ ಕೆಲಸಕ್ಕೆ ಹೋಗುತ್ತದೆ. ಹಣದ ಮಾತು ಹಾಗಿರಲಿ. ಈ ಗೊಂಬೆ ಮಾರಾಟವಾಗುವುದಕ್ಕೆ ಮೊದಲೇ ಕಾಡಿನಲ್ಲಿ ಅಷ್ಟು ಜಾಗ ಕಳೆಯಿಲ್ಲದೆ ತೆರವಾಗಿರುತ್ತದೆ, ಅಷ್ಟು ಜನರಿಗೆ ಕೂಲಿ ಸಿಕ್ಕಿರುತ್ತದೆ. ನಮಗೆ ಮೆಚ್ಚಿಕೆಯಾದದ್ದು ಅದು. ಹೊರಗಿನಿಂದ ಗಿಡಗಳನ್ನು ತರಿಸಿ ಬೆಳೆಸಿದ ತೋಟವೊಂದರಲ್ಲಿ, ತೋಟಕ್ಕಾಗಿ ಬಂದು ಕಾಡನ್ನು ಕೆಡಿಸಿದ ಗಿಡ ಆನೆಯಾಗಿ ನಿಂತದ್ದೂ ಒಂದು ತಮಾಷೆಯೇ.

ಮೊಮ್ಮಗಳು ಹುಲ್ಲಿನ ಮೇಲೆ ಕುಳಿತು ಮತ್ತೆ ಡಬ್ಬಿಯ ಪ್ರಶ್ನೆಯನ್ನೆತ್ತಿದಳು. ಕರ್ನಾಟಕದಲ್ಲಿ ೨೦೨೩ರ ಗಣತಿಯಂತೆ ೬,೩೯೫ ಆನೆಗಳಿವೆಯೆಂದೂ, ದೇಶದಲ್ಲಿ ಇದೇ ಹೆಚ್ಚಿನ ಸಂಖ್ಯೆಯೆಂದೂ, ಅವುಗಳಲ್ಲಿ ಒಂದಾದರೂ ಆಕೆಯ ಗೊಂಬೆಯಿಂದ ಬದುಕಿತೆಂದು ಹೇಳಲು ನಮಗೆ ಆಧಾರವಿಲ್ಲವೆಂದೂ ಇದ್ದುದನ್ನು ಇದ್ದಂತೆ ಹೇಳಿದೆವು. ಅಳುವಳೆಂದು ಹೆದರಿದ್ದೆವು. "ಹಾಗಾದರೆ ಕಾಡುಪಾಪಾನ ನಾವೇ ಮಾಡೋಣ" ಎಂದಳು.

ಆ ರಾತ್ರಿ ನಮ್ಮ ಮನೆಯಾಕೆ ಹಳೆಯ ಬೂದುಬಣ್ಣದ ಶಾಲೊಂದನ್ನು ಕತ್ತರಿಸಿದಳು. ವಾಚಕಿಯರಲ್ಲಿ ಯಾರಿಗಾದರೂ ಮನಸ್ಸಾದರೆ ಕ್ರಮ ಹೀಗೆ: ಮೈ ಒಂದು ಗೇಣಿಗಿಂತ ದೊಡ್ಡದಾಗಬಾರದು, ಒಳಗೆ ಬೂರುಗದ ಹತ್ತಿ, ಕೈಕಾಲುಗಳಿಗೆ ಹತ್ತಿ ತುಂಬದೆ ಬಟ್ಟೆಯನ್ನೇ ಬಿಗಿಯಾಗಿ ಸುತ್ತಿ ಹೊಲಿಯಬೇಕು, ಕಣ್ಣಿನ ಸುತ್ತ ಕಂದುಬಣ್ಣದ ಎರಡು ಬಿಲ್ಲೆ, ಅದರ ಮೇಲೆ ಕೋಟಿನ ದೊಡ್ಡ ಕಪ್ಪು ಗುಂಡಿ. ಬಾಲ ಇಡಬಾರದು. ನಮ್ಮದು ಮೊದಲ ಸಲ ಅಳಿಲಿನಂತಾಗಿ, ಕಿವಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಉಳಿದ ಸಾವಿರದ ಇನ್ನೂರು ರೂಪಾಯಿ ಲಕೋಟೆಯೊಂದರಲ್ಲಿದೆ. ಬನ್ನೇರುಘಟ್ಟದ ಉದ್ಯಾನದಲ್ಲಿ ಪ್ರಾಣಿಗಳ ಆಹಾರಕ್ಕೆ ಹಣ ಕೊಟ್ಟು ದತ್ತು ಪಡೆಯುವ ಏರ್ಪಾಡುಂಟು. ಯಾವ ಪ್ರಾಣಿಗೆ ಎಷ್ಟೆಂದು ರಸೀತಿ ಕೊಡುತ್ತಾರೆ. ಅಲ್ಲಿಗೋ, ಕಾಡುಪಾಪದ ಲೆಕ್ಕದವರಿಗೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಪಾಡ್ಯದ ದಿನ ಗೊಂಬೆ ಕೂರಿಸುವಾಗ ಸಣ್ಣದೊಂದು ಪ್ರಸಂಗ ನಡೆಯಿತು. ಪಟ್ಟದ ಗೊಂಬೆಗಳ ಮಗ್ಗುಲಲ್ಲಿ ನಮ್ಮ ಮನೆಯಲ್ಲಿ ಬೀಟೆಮರದ ಆನೆಯೊಂದನ್ನು ಇಡುವ ವಾಡಿಕೆ. ನಮ್ಮ ತಾಯಿಯವರ ಕಾಲದ್ದು, ಮೈಸೂರಿನ ಕೆಲಸ. ಕೋರೆಗಳು ದಂತದವು. ಆಗ ಅದಕ್ಕೆ ಅಡ್ಡಿಯಿರಲಿಲ್ಲ. ನಮ್ಮ ದೇಶದ ಆನೆಯ ದಂತದ ವ್ಯಾಪಾರವನ್ನು ೧೯೮೬ರಲ್ಲಿಯೂ, ಆಫ್ರಿಕದ ದಂತದ್ದನ್ನು ೧೯೯೧ರಲ್ಲಿಯೂ ಶಾಸನ ನಿಲ್ಲಿಸಿತು; ಇಂಥ ವಸ್ತುಗಳುಳ್ಳವರು ತಿಳಿಸಬೇಕೆಂದು ೨೦೦೩ರಲ್ಲಿ ಅಪ್ಪಣೆಯಾದಾಗ ನಾವು ಬರೆದುಕೊಟ್ಟ ಕಾಗದದ ನಕಲು ಬೀರುವಿನಲ್ಲಿದೆ. ಮೊಮ್ಮಗಳು ಕೋರೆಯನ್ನು ಮುಟ್ಟಿ ನೋಡಿ, "ಅಜ್ಜಿ, ಈ ಹಲ್ಲು ಯಾವ ಆನೇದು?" ಎಂದಳು.

"ನಮ್ಮತ್ತೆಯವರು ಇಟ್ಟುಕೊಂಡು ಬಂದದ್ದಮ್ಮ" ಎಂದಷ್ಟೇ ಆಕೆ ಹೇಳಿದಳು. ತೆಗೆಯಲು ಮನಸ್ಸಿಲ್ಲ, ಇಡಲೂ ಮೊದಲಿನಂತೆ ಕೈ ಬಾರದು. ಕೊನೆಗೆ ಆನೆ ತನ್ನ ಜಾಗದಲ್ಲಿಯೇ ಉಳಿಯಿತು. ಕಾಡುಪಾಪ ಕೆಳಗಿನ ಮೆಟ್ಟಿಲಿನಲ್ಲಿ ಕುಳಿತಿತು. ಮೊಮ್ಮಗಳು ಎರಡಕ್ಕೂ ತನ್ನ ಕೈಬರಹದ ಚೀಟಿಗಳನ್ನಿಟ್ಟಳು. ಒಂದರಲ್ಲಿ "ಕಾಡುಪಾಪ. ಮಲ್ಲೇಶ್ವರದ ಹತ್ತಿರ ಇದೆ. ಹಿಡಿಯಬಾರದು" ಎಂದೂ, ಇನ್ನೊಂದರಲ್ಲಿ "ಇದರ ದಂತ ನಿಜವಾದ ಆನೆಯದು" ಎಂದೂ ಬರೆದಿತ್ತು. ಅರಿಸಿನಕುಂಕುಮಕ್ಕೆ ಬಂದ ಹೆಂಗಸರು ಮೊದಲನೆಯದನ್ನು ಓದಿ ನಕ್ಕರು. ಎರಡನೆಯದನ್ನು ಓದಿ, ಏನೂ ಹೇಳದೆ, ಆನೆಯನ್ನು ಸ್ವಲ್ಪ ಹೊತ್ತು ನೋಡಿ ಹೋದರು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಪೆಟ್ಟಿಗೆಗೆ ಸೇರಿಸುವಾಗ, ನಮ್ಮ ಮನೆಯಾಕೆ ಆ ಎರಡನೆಯ ಚೀಟಿಯನ್ನು ಹರಿದು ಹಾಕುವಳೆಂದು ನಾವು ತಿಳಿದಿದ್ದೆವು. ಆನೆಯ ಜೊತೆಯಲ್ಲಿಯೇ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಇಟ್ಟಳು.